ಕಿಲುಬು ಹತ್ತಿಸಿದ ವರ್ಷ

ಮೊನ್ನೆ ಚಿತ್ರದುರ್ಗದ ಸಂತೆಹೊಂಡದ ಪಕ್ಕದ ಓಣಿಯಲ್ಲಿ ಹೋಗುತ್ತಿದ್ದಾಗ ನವಸಾಗರದ ಹೊಗೆ ಮೂಗಿಗೆ ಬಡಿಯಿತು. ಕಲಾಯಿಯವರೊಬ್ಬರು ರಸ್ತೆ ಬದಿಯಲ್ಲಿ ಒಲೆ ಹೂಡಿಕೊಂಡು ಯಾರದೋ ಮದುವೆಮನೆಯ ಕೊಪ್ಪರಿಗೆಗೆ ಕಲಾಯಿ ಹಾಕುತ್ತಿದ್ದರು. ಈಗ ಕಲಾಯಿ ಹಾಕಿಸುವವರೇ ಅಪರೂಪ, ಹಾಗಾಗಿ ನಾಲ್ಕೈದು ಜನ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದಾಗ ಏಳುವ ಬಿಳಿ ಹೊಗೆ, ಗಂಟಲು ಕೆರೆಯುವ ಆ ಘಾಟು, ಎಲ್ಲ ಅವರಿಗೆ ತಮಾಷೆ. ನನಗೆ ಮಾತ್ರ ಅಂಗೈ ಬೆವರಿ ಕೈಚೀಲ ಜಾರಿತು. ಎರಡು ಸಾವಿರದ ಎಂಟನೇ ಇಸವಿಯಲ್ಲಿ ನಾನು ದಿನಗಟ್ಟಲೆ ಉಸಿರಾಡಿದ್ದು ಇದೇ ಘಾಟನ್ನು, ಅದರ ಜೊತೆಗೆ ಒಂದು ಭಯವನ್ನು. ಘಾಟು ಬಟ್ಟೆ ಒಗೆದಾಗಲೇ ಹೋಗಿತ್ತು. ಭಯ ಇನ್ನೂ ಎಲ್ಲೋ ಉಳಿದಿದೆ ಎಂದು ಮೊನ್ನೆ ಗೊತ್ತಾಯಿತು.

ಆಗ ನನಗೆ ಇಪ್ಪತ್ತಮೂರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಚಿತ್ರದುರ್ಗದಲ್ಲಿ ತಿಪ್ಪೇಸ್ವಾಮಣ್ಣನವರ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಟ್ರ್ಯಾಕ್ಟರ್ ಟ್ರೇಲರು, ಗೇಟು, ಗ್ರಿಲ್ಲು ಮಾಡುತ್ತಿದ್ದ ಜಾಗ ಅದು. ಹಿಂದಿನ ವರ್ಷವಷ್ಟೇ ಅಣ್ಣ ಒಂದು ಸೆಕೆಂಡ್‌ಹ್ಯಾಂಡ್ ಕಟಿಂಗ್ ಮಷಿನ್ ತರಿಸಿದ್ದರು. ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದರೆ ಮಷಿನ್ನಿನ ಮೂತಿ ಅದೇ ಗೆರೆಯ ಮೇಲೆ ಓಡಿ, ಕಿಡಿ ಉಗುಳುತ್ತಾ ಕಬ್ಬಿಣದ ಪ್ಲೇಟನ್ನು ಕತ್ತರಿಸುತ್ತಿತ್ತು. ಆ ಗೆರೆ ಎಳೆಯುವವಳು ನಾನು. ಅಲ್ಲಿದ್ದ ಏಳು ಜನರಲ್ಲಿ ಕಂಪ್ಯೂಟರ್ ಮುಟ್ಟಲು ಬರುತ್ತಿದ್ದುದು ನನಗೊಬ್ಬಳಿಗೇ. ಹೆಣ್ಣುಮಗಳು ವೆಲ್ಡಿಂಗ್ ಶಾಪಿನಲ್ಲಿ ಏನು ಮಾಡ್ತಾಳೆ ಎಂದು ಮೂಗು ಮುರಿದವರು ಮಷಿನ್ ಓಡತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದರು. ಆದರೆ ನಾನು ಎಡವುವುದನ್ನೇ ಕಾಯುತ್ತಿದ್ದಾರೆ ಎಂಬ ಅನುಮಾನ ನನಗೆ ಯಾವಾಗಲೂ ಇತ್ತು.

ತಿಪ್ಪೇಸ್ವಾಮಣ್ಣ ಸೊಂಟದಲ್ಲಿ ಟೇಪು ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ಒಂದು ಕಿಟಕಿಯ ಸರಳನ್ನೂ ಎರಡು ಸಲ ಅಳೆಯದೆ ಕತ್ತರಿಸಲು ಬಿಡುತ್ತಿರಲಿಲ್ಲ. ಮಷಿನ್ನಿಂದ ಬಂದ ತುಂಡಿಗೆ ಮಾತ್ರ ಟೇಪು ಹಿಡಿಯುತ್ತಿರಲಿಲ್ಲ. "ಕಂಪ್ಯೂಟರ್ ಹೇಳಿದ್ಮೇಲೆ ಮುಗೀತಪ್ಪ, ಮತ್ತೇನ್ ಅಳೆಯೋದು" ಅನ್ನುತ್ತಿದ್ದರು. ಕಂಪ್ಯೂಟರ್ ಅಂದರೆ ಮಂಜುಳ, ಅಂದರೆ ನಾನು, ಎಂಬುದು ಅವರಿಗೆ ಮರೆತುಹೋಗಿತ್ತು. ನನಗೂ ಮರೆತಂತೆಯೇ ಇತ್ತು.

ಆ ವರ್ಷ ನಮ್ಮೂರ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಅಂಗಳದಲ್ಲಿ ಒಂದು ಶಿಲ್ಪ ನಿಲ್ಲಿಸಬೇಕೆಂದುಕೊಂಡರು. ನಮ್ಮೂರು ಚಿಕ್ಕಜಾಜೂರಿನ ಮಗ್ಗುಲಿನ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ನನ್ನ ಅವ್ವ ಅದೇ ಶಾಲೆಯಲ್ಲಿ ಬಿಸಿಯೂಟದ ಅಡಿಗೆಗೆ ಸೇರಿದ್ದಳು. ಶಿಲ್ಪದ ಕೆಲಸವನ್ನು ಹೊಸದುರ್ಗದ ರುದ್ರೇಶ ಮೇಷ್ಟ್ರು ಎಂಬ ಡ್ರಾಯಿಂಗ್ ಮೇಷ್ಟ್ರು ಒಪ್ಪಿಕೊಂಡಿದ್ದರು. ಅವರು ಒಂದು ದಿನ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಮೊಳದುದ್ದದ ಮಣ್ಣಿನ ಬೊಂಬೆಯನ್ನು ಮಗುವಿನಂತೆ ಎತ್ತಿಕೊಂಡು ವರ್ಕ್‌ಶಾಪಿಗೆ ಬಂದರು. ಎದುರು ಗಾಳಿಗೆ ವಾಲಿ ನಿಂತ ಹುಡುಗಿ. ಮುಖವಿಲ್ಲ. ಕೈ ಎಲ್ಲಿ ಮುಗಿದು ದಾವಣಿ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು. ಎದೆಯ ಜಾಗದಲ್ಲಿ ಒಂದು ದೊಡ್ಡ ತೂತು, ಅದರೊಳಗಿಂದ ಆಚೆಯ ಬೆಳಕು ಕಾಣುತ್ತಿತ್ತು.

"ಇದನ್ನ ಹತ್ತು ಪಟ್ಟು ದೊಡ್ಡದು ಮಾಡ್ಬೇಕು. ಒಳಗೆ ಕಬ್ಬಿಣ, ಹೊರಗೆ ತಾಮ್ರ. ತಾಮ್ರಕ್ಕೆ ಕಿಲುಬು ಹತ್ತಿಸ್ಬೇಕು, ಕೆರೆ ನೀರಿನ ಬಣ್ಣ ಬರಂಗೆ" ಎಂದರು ಮೇಷ್ಟ್ರು. ಅಣ್ಣ ನನ್ನ ಮುಖ ನೋಡಿದರು. ಎರಡೂ ಕೈಯಲ್ಲಿ ಕಿಲುಬು ತಿಕ್ಕಿ ತೆಗೆಯುವುದನ್ನು ಕಂಡಿದ್ದೆವೇ ಹೊರತು ಬೇಕೆಂದು ಹತ್ತಿಸಿದವರನ್ನು ಕಂಡಿರಲಿಲ್ಲ.

ಬೊಂಬೆಯನ್ನು ಕಂಪ್ಯೂಟರಿನೊಳಕ್ಕೆ ಇಳಿಸುವ ಯಂತ್ರವೇನೋ ದೊಡ್ಡ ಊರುಗಳಲ್ಲಿ ಇತ್ತಂತೆ. ನಮ್ಮಲ್ಲಿ ಇದ್ದದ್ದು ಒಂದು ತೆಳು ತಂತಿ. ಸೋಪು ಕೊಯ್ಯುವಂತೆ ಮೇಷ್ಟ್ರು ಆ ಮಣ್ಣಿನ ಹುಡುಗಿಯನ್ನು ಅಡ್ಡಡ್ಡಕ್ಕೆ ಮೂವತ್ತಾರು ಹೋಳು ಮಾಡಿದರು. ಕೊಯ್ಯುವಾಗ ಅವರ ಕಣ್ಣಲ್ಲಿ ನೀರಿತ್ತು. ಒಂದೊಂದು ಹೋಳನ್ನೂ ಗ್ರಾಫ್ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನ ಗೆರೆ ಎಳೆದು, ಆ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಕಂಪ್ಯೂಟರಿಗೆ ತುಂಬಿದೆ. ಒಂದು ಹೋಳಿಗೆ ಒಂದು ಕಬ್ಬಿಣದ ಬಿಲ್ಲೆ. ಎಲ್ಲ ಬಿಲ್ಲೆಗಳನ್ನೂ ನಡುವಿನ ಕಂಬಕ್ಕೆ ಒಂದರ ಮೇಲೊಂದು ಪೋಣಿಸಿದರೆ ಹುಡುಗಿಯ ಪಕ್ಕೆಲುಬುಗಳಾಗುತ್ತಿದ್ದವು. ಅವುಗಳ ಮೇಲೆ ತಾಮ್ರದ ತಗಡು ಚರ್ಮದಂತೆ ಕೂರಬೇಕು.

ಕೆಳಗಿನ ಹದಿನೆಂಟು ಬಿಲ್ಲೆಯ ಗೆರೆ ಎಳೆದು ಮುಗಿಸಿದ್ದಾಗ ಮೇಷ್ಟ್ರು ಬಂದು ನನ್ನ ಡ್ರಾಯಿಂಗಿನ ಮೇಲೆ ಕೆಂಪು ಇಂಕಿನಲ್ಲಿ ಬರೆದರು: ತಾಮ್ರ, ಕಬ್ಬಿಣ ಎಲ್ಲಿಯೂ ಒಂದನ್ನೊಂದು ಮುಟ್ಟಕೂಡದು, ನಡುವೆ ಮೂರು ಮಿಲಿಮೀಟರ್ ರಬ್ಬರ್ ಪಟ್ಟಿ. ಅಂದರೆ ಪ್ರತಿಯೊಂದು ಬಿಲ್ಲೆಯನ್ನೂ ಸುತ್ತ ಮೂರು ಮಿಲಿಮೀಟರ್ ಚಿಕ್ಕದು ಮಾಡಬೇಕು. ಮೇಲಿನ ಹದಿನೆಂಟನ್ನು ಹಾಗೆಯೇ ಮಾಡಿದೆ. ಕೆಳಗಿನದನ್ನು ಆಮೇಲೆ ತಿದ್ದಿದರಾಯಿತು ಎಂದುಕೊಂಡೆ. ಬೇಸಿಗೆ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಎರಡು ದಿನ ಕೈಕೊಟ್ಟ ಕರೆಂಟು ಒಂದು ಮಧ್ಯಾಹ್ನ ಬಂದಾಗ ಅಣ್ಣ ಹೊರಗಿನಿಂದಲೇ ಕೂಗಿದರು: "ಮಂಜಮ್ಮ, ಕರೆಂಟ್ ಐತೆ, ಎಲ್ಲಾ ಒಂದೇ ಸಲ ಕತ್ತರಿಸ್ಕಳವ್ವ!" ನಾನು ಗಡಿಬಿಡಿಯಲ್ಲಿ ಫೈಲು ಹಾಕಿದೆ. ತಿದ್ದದೇ ಇದ್ದ ಫೈಲು.

ಜೋಡಿಸುವ ದಿನ ತಪ್ಪು ಕಣ್ಣಿಗೆ ಬಿತ್ತು. ಮೇಲಿನರ್ಧ ಕೈಗವಸಿನಂತೆ ಕೂತಿತು. ಕೆಳಗಿನರ್ಧಕ್ಕೆ, ಅಂದರೆ ಇಡೀ ಭಾರ ಹೊರುವ ಕಾಲಿನ ಭಾಗಕ್ಕೆ, ರಬ್ಬರ್ ಸುತ್ತಿ ತಗಡು ಹಾಕಿದರೆ ತಗಡಿನ ಅಂಚುಗಳು ಕೂಡಲೊಲ್ಲವು. ಬೆರಳು ತೂರುವಷ್ಟು ಸಂದಿ.  ಮೇಷ್ಟ್ರಿಗೆ ಹಿರಿಯೂರಿನ ಕಡೆ ಚುನಾವಣೆಯ ಡ್ಯೂಟಿ ಬಿದ್ದಿತ್ತು, ಊರಲ್ಲಿರಲಿಲ್ಲ. ಶಾಲೆ ಶುರುವಾಗುವುದರೊಳಗೆ ನಿಲ್ಲಿಸಿಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು.

"ಯಾಕವ್ವ ಕೂಡ್ತಿಲ್ಲ?" ಎಂದರು ಅಣ್ಣ.

ಕೆಲಸದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ತಪ್ಪು ನನ್ನದು ಎಂಬ ಮಾತು ಬಾಯಿಗೆ ಬರಲಿಲ್ಲ. "ರಬ್ಬರ್ ದಪ್ಪ ಬಂದೈತೆ ಅಣ್ಣ. ಕೆಳಗಡೆಗೆ ಅದರ ಅಗತ್ಯ ಇಲ್ಲ, ಬರೀ ಪೇಂಟ್ ಹೊಡೆದ್ರೆ ಸಾಕು" ಅಂದೆ.

"ಕಂಪ್ಯೂಟರ್ ಹಂಗಂತೈತಾ?"

"ಹೂಂ ಅಣ್ಣ."

ರಬ್ಬರ್ ಪಟ್ಟಿಗಳನ್ನು ಕಿತ್ತು ಮೂಲೆಗೆ ಎಸೆದರು. ತಗಡು ಸರಿಯಾಗಿ ಕೂತಿತು. ಸೊಂಟದ ಟೇಪು ಸೊಂಟದಲ್ಲೇ ಇತ್ತು.

ಕಿಲುಬು ಹತ್ತಿಸಲು ಬಂದವರು ಖಾಸಿಂ ಚಾಚಾ. ಅವರ ಮನೆತನವೇ ಕಲಾಯಿಯದು. ತಾಮ್ರದ ಗುಣ ಗೊತ್ತಿರುವವರು ದುರ್ಗದಲ್ಲಿ ಇವರೇ ಎಂದು ಮೇಷ್ಟ್ರು ಮೊದಲೇ ಒಪ್ಪಿಸಿದ್ದರು. "ನಲವತ್ತು ವರ್ಷ ಕಿಲುಬು ತೆಗ್ದು ಹೊಟ್ಟೆ ಹೊರ್ಕಂಡೆ. ಈಗ ನೀವು ಹಚ್ಚು ಅಂತೀರಿ. ನಮ್ಮಪ್ಪ ಇದ್ದಿದ್ರೆ ಕೈಗೆ ಸೌಟು ತಗಂಡು ಬಡೀತಿದ್ದ" ಎಂದು ನಗುತ್ತಾ ಶುರುಮಾಡಿದರು. ನೀರಿಗೆ ಉಪ್ಪು, ವಿನೆಗರ್, ನವಸಾಗರ. ಅದನ್ನು ಬಿಸಿ ತಗಡಿನ ಮೇಲೆ ಎರಚುವುದು, ಒಣಗಲು ಬಿಡುವುದು, ಮತ್ತೆ ಎರಚುವುದು. ಹತ್ತು ಹನ್ನೆರಡು ದಿನ ಇದೇ ಕೆಲಸ. ಮೊದಲು ಕಂದು, ಆಮೇಲೆ ಮಾಸಲು, ಆಮೇಲೆ ಒಂದು ಬೆಳಿಗ್ಗೆ ಹುಡುಗಿಯ ಹೆಗಲ ಮೇಲೆ ಹಸಿರು ಮೂಡಿತು. ನಾವು ಎಲ್ಲರೂ ಹೋ ಎಂದು ಕೂಗಿದೆವು. ಅದೊಂದು ಬೆಳಿಗ್ಗೆ ನಾನು ಭಯ ಮರೆತಿದ್ದೆ.

ಅದೇ ಮಧ್ಯಾಹ್ನ ಚಾಚಾ ಕೆಳಗೆ ತಗಡಿನ ಅಂಚುಗಳು ಕೂಡಿದ ಸಂದಿಯನ್ನು ಬೆರಳಿಂದ ತಡವುತ್ತಾ ಕೂತಿದ್ದರು. ಎರಚಿದ ನೀರೆಲ್ಲ ಅಲ್ಲಿ ಒಳಕ್ಕೆ ಇಳಿಯುತ್ತಿತ್ತು.

"ಬೇಟಿ, ಇಲ್ಲಿ ರಬ್ಬರ್ ಇಲ್ವಲ್ಲ?"

"ಪೇಂಟ್ ಹೊಡೆದೈತೆ ಚಾಚಾ."

ಅವರು ಒದ್ದೆ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. "ತಾಮ್ರದ ಕೊಡಕ್ಕೆ ಕಬ್ಬಿಣದ ಹಿಡಿ ಹಾಕ್ಬಾರ್ದು ಅಂತಾರೆ ನಮ್ಮಲ್ಲಿ. ಉಪ್ಪುನೀರು ಬಿದ್ರೆ ಕೊಡ ಹಿಡೀನ ತಿಂತೈತೆ. ಕೊಡಕ್ಕೇನೂ ಆಗಲ್ಲ, ನೆಟ್ಟಗೇ ಇರ್ತೈತೆ. ಒಂದಿನ ಕೊಡ ಬಾವಿಯಾಗೆ ಬೀಳ್ತೈತೆ, ತುಂಡು ಹಿಡಿ ಕೈಯಾಗೆ ಉಳೀತೈತೆ." ಇಷ್ಟು ಹೇಳಿ ನನ್ನ ಮುಖವನ್ನೊಮ್ಮೆ ನೋಡಿದರು. "ನೀನು ಓದಿದಾಕಿ. ನಿಂಗೆ ಗೊತ್ತಿರ್ತೈತೆ" ಎಂದು ಬಕೆಟ್ಟು ಎತ್ತಿಕೊಂಡು ಎದ್ದರು.

ಆವತ್ತಿನಿಂದ ನನಗೆ ನಿದ್ದೆ ಕೆಟ್ಟಿತು.

ಜೂನ್ ಮೊದಲ ವಾರ ಲಾರಿಯಲ್ಲಿ ಹೊಳಲ್ಕೆರೆ ದಾಟಿಸಿ ನಮ್ಮೂರಿಗೆ ಒಯ್ದು ನಿಲ್ಲಿಸಿದೆವು. ಹದಿನೈದು ಅಡಿ ಎತ್ತರ, ಗಾಳಿಗೆ ವಾಲಿದ ಮೈ, ಬುಡಕ್ಕೆ ಸುತ್ತ ಸಿಮೆಂಟಿನ ಕಟ್ಟೆ. ಮೇಷ್ಟ್ರು ಹಸಿರು ಬಣ್ಣ ನೋಡಿ ಚಾಚಾರ ಕೈ ಹಿಡಿದುಕೊಂಡರು. ಕೆಳಗಿನ ಸಂದಿಯನ್ನು ಅವರು ನೋಡಲಿಲ್ಲ, ನಾನು ತೋರಿಸಲಿಲ್ಲ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಡಿಗೆಮನೆಯಿಂದ ಓಡಿಬಂದು ತಲೆಯೆತ್ತಿ ನೋಡಿದಳು.

"ಮುಖಾನೇ ಇಲ್ವಲ್ಲ ಸಾ?"

"ಬೇಡ ಅಂತ ಬಿಟ್ಟಿದೀನಿ ಅಮ್ಮ" ಎಂದರು ಮೇಷ್ಟ್ರು.

"ಇರ್ಲಿ ಬಿಡ್ರಿ. ನಡು ನೋಡಿದ್ರೆ ಗೊತ್ತಾಗ್ತೈತೆ, ನೀರು ಹೊತ್ತು ಅಭ್ಯಾಸ ಇರೋ ಹುಡುಗಿ" ಎಂದಳು ಅವ್ವ. ಆಮೇಲೆ ಬಂದವರಿಗೆಲ್ಲ "ನಮ್ಮ ಮಂಜಿ ಮಾಡಿದ್ದು. ಕಂಪ್ಯೂಟ್ರಾಗೆ" ಎಂದು ಹೇಳುವುದೇ ಕೆಲಸವಾಯಿತು. ಮರುದಿನದಿಂದ ಅಕ್ಕಿ ಆರಿಸುವ ಮೊರ ಹಿಡಿದು ಆ ಕಟ್ಟೆಯ ಮೇಲೆ, ಹುಡುಗಿಯ ಕಾಲಿಗೆ ಬೆನ್ನು ಕೊಟ್ಟೇ ಕೂರತೊಡಗಿದಳು. ಮಧ್ಯಾಹ್ನ ಊಟದ ತಟ್ಟೆ ಹಿಡಿದ ಹುಡುಗಿಯರು ಅವಳ ಎರಡೂ ಮಗ್ಗುಲಿಗೆ. ಅಂಗಳದಲ್ಲಿ ಇದ್ದ ನೆರಳು ಅದೊಂದೇ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿಯನ್ನು ಹೊರಗಿನವರಿಗೆ ಹೇಳಿ ನಂಬಿಸಲಾಗದು. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಎದ್ದ ಗಾಳಿ ಸಂಜೆಯವರೆಗೂ ಒಂದೇ ಸಮನೆ ನೂಕುತ್ತದೆ, ಹೆಂಚು ಹಾರುತ್ತವೆ, ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ನಾನು ಚಿತ್ರದುರ್ಗದಲ್ಲಿ ಕಂಪ್ಯೂಟರಿನ ಮುಂದೆ ಕೂತು ಶೆಡ್ಡಿನ ತಗಡು ಬಡಿದುಕೊಂಡಾಗಲೆಲ್ಲ ನಲವತ್ತು ಕಿಲೋಮೀಟರ್ ಆಚೆ ಅವ್ವನ ಬೆನ್ನನ್ನು ನೆನೆಯುತ್ತಿದ್ದೆ. ಅಣ್ಣನ ಫೋನು ರಿಂಗಾದರೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಯಾರಾದರೂ "ಶಾಲೆ" ಎಂದು ಬಾಯಿ ತೆರೆದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು.

ಇನ್ನೊಂದು ಇತ್ತು. ಗಾಳಿ ಜೋರಾದಾಗ ಹುಡುಗಿಯ ಎದೆಯ ತೂತಿನೊಳಗೆ ನುಗ್ಗಿ ಮೈಯೆಲ್ಲ ಹೂಂ ಎನ್ನುತ್ತಿತ್ತು. ಮಕ್ಕಳಿಗೆ ಅದು ಬಹಳ ಇಷ್ಟವಾಗಿ "ಗಾಳಿಯಕ್ಕ" ಎಂದು ಹೆಸರಿಟ್ಟಿದ್ದರು. ತಗಡಿಗೆ ಕಿವಿ ಹಚ್ಚಿ ಕೇಳುತ್ತಿದ್ದರು. "ಹಾಡ್ತಾಳೆ ಕಣೇ ನಿನ್ನ ಮಗಳು" ಎಂದು ಅವ್ವನೂ ನನ್ನನ್ನು ರೇಗಿಸಿದಳು. ಒಂದು ಭಾನುವಾರ ಯಾರೂ ಇಲ್ಲದಾಗ ಹೋಗಿ ನಾನೂ ಕಿವಿ ಹಚ್ಚಿದೆ. ಹೂಂಕಾರದ ಅಡಿಯಲ್ಲಿ ಟಿಕ್ ಟಿಕ್ ಎಂದು ಇನ್ನೇನೋ ಕೇಳಿಸಿತು. ಬೋಲ್ಟೊಂದು ಸಡಿಲಾಗಿ ಆಡುತ್ತಿದೆಯೋ, ನನ್ನ ಕಿವಿಯದೇ ರಕ್ತವೋ. ಹಗ್ಗ ಕಂಡರೂ ಹಾವು ಎನಿಸುವ ಸ್ಥಿತಿ ನನ್ನದು. ಕಿವಿ ಕಿತ್ತುಕೊಂಡು ಮನೆಗೆ ಬಂದೆ.

ಹೇಳಿಬಿಡಬಾರದಿತ್ತೇ? ಈಗ ಯಾರಾದರೂ ಕೇಳಬಹುದು. ಭಾನುವಾರ ಊರಲ್ಲಿ ಕಳೆದು ಪ್ರತಿ ಸೋಮವಾರ ಮರಳುವ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಚಿತ್ರದುರ್ಗದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅದು ಕರಗಿಹೋಗುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೆಣ್ಣುಮಗಳ ಕೈಗೆ ಮಷಿನ್ ಕೊಟ್ಟರೆ ಹಿಂಗೇ ಎಂಬ ಮಾತು ನನ್ನೊಬ್ಬಳಿಗೆ ನಿಲ್ಲುವುದಿಲ್ಲ. ಹೇಳದಿದ್ದರೆ, ಅದು ಬೀಳದೆಯೂ ಇರಬಹುದಲ್ಲ? ಈ "ಇರಬಹುದಲ್ಲ" ಎಂಬುದನ್ನೇ ಹಿಡಿದು ಆಷಾಢ ಕಳೆದೆ, ಶ್ರಾವಣ ಕಳೆದೆ. ನನ್ನ ಬಗ್ಗೆ ನಾನೇ ಆಗ ಎಷ್ಟು ಹೇಸಿದ್ದೆನೋ ಅಷ್ಟೇ ಹೆದರಿದ್ದೆ.

ಅವ್ವನನ್ನಾದರೂ ಅಲ್ಲಿಂದ ಎಬ್ಬಿಸಬೇಕಿತ್ತು. ಅದಕ್ಕೊಂದು ಸುಳ್ಳು ಹುಡುಕಿದೆ. "ಅವ್ವ, ಅದಕ್ಕೆ ಒರಗಿ ಕೂರಬ್ಯಾಡ. ಕಿಲುಬು ವಿಷ. ಸೀರೆಗೆ ಹತ್ತಿ ಅಕ್ಕಿಗೆ ಬಿದ್ರೆ ಮಕ್ಕಳ ಹೊಟ್ಟೆಗೆ ಹೋಗ್ತೈತೆ" ಅಂದೆ. ಕಿಲುಬು ಹತ್ತಿದ ಪಾತ್ರೆಯಲ್ಲಿ ಹುಳಿ ಮಾಡಬಾರದೆಂದು ನನಗೆ ಕಲಿಸಿದವಳೇ ಅವಳು. ಮಾತು ನಾಟಿತು. ಎರಡು ವಾರ ಅಡಿಗೆಮನೆಯ ಬಾಗಿಲಲ್ಲೇ ಅಕ್ಕಿ ಆರಿಸಿದಳು. ನಾನು ಗೆದ್ದೆ ಎಂದುಕೊಂಡೆ. ಆದರೆ ಹುಡುಗಿಯರು ಕಟ್ಟೆ ಬಿಟ್ಟಿರಲಿಲ್ಲ, ಅವರಿಗೆ ಹೇಳುವ ಸುಳ್ಳು ನನ್ನಲ್ಲಿ ಇರಲಿಲ್ಲ.

ಆಯುಧಪೂಜೆ ಬಂತು. ವರ್ಕ್‌ಶಾಪಿನಲ್ಲಿ ಬೆಳಿಗ್ಗೆಯೇ ಪೂಜೆ. ಮಷಿನ್ನಿಗೆ ಬಾಳೆಕಂಬ, ಕಂಪ್ಯೂಟರಿಗೆ ಕುಂಕುಮ, ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಚೆಂಡುಹೂವು. ಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಮಂಡಕ್ಕಿ ತಿಂದು, ರಜೆ ಸಿಕ್ಕ ಖುಷಿಯಲ್ಲಿ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ಊರಿಗೆ ಬಂದೆ. ಮನೆಗೆ ಬೀಗ. ಶಾಲೆಗೆ ದಸರಾ ರಜೆಯಿದ್ದರೂ ಸಂಜೆ ಪೂಜೆ ಇಟ್ಟುಕೊಂಡಿದ್ದರು, ಹೆಣ್ಣುಮಕ್ಕಳು ಪ್ರಸಾದಕ್ಕೆ ಬರುವವರಿದ್ದರು. ಅವ್ವ ಅಡಿಗೆಯ ಪಾತ್ರೆ ತೊಳೆಯಲು ಹೋಗಿರಬೇಕೆಂದು ಶಾಲೆಗೆ ನಡೆದೆ.

ಅವ್ವ ಪಾತ್ರೆ ತೊಳೆದು ಮುಗಿಸಿದ್ದಳು. ಈಗ ಕಟ್ಟೆಯ ಮೇಲೆ ಮೊಣಕಾಲೂರಿ ಗಾಳಿಯಕ್ಕನ ಕಾಲನ್ನು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಒಂದು ಬೋಗುಣಿ ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು. ಕೂತವಳ ಕೈ ಎಟಕುವಷ್ಟು ಎತ್ತರಕ್ಕೆ ಹಸಿರೆಲ್ಲ ಹೋಗಿ ತಾಮ್ರ ಹೊಸ ಚೊಂಬಿನಂತೆ ಹೊಳೆಯುತ್ತಿತ್ತು.

"ಬಾ ಬಾ, ನೋಡು" ಎಂದಳು, ಬೆವರು ಒರೆಸಿಕೊಳ್ಳುತ್ತಾ. "ಕಿಲುಬು ವಿಷ ಅಂದ್ಯಲ್ಲ. ಹಬ್ಬದ ದಿನ ಎಲ್ಲಾ ಸಾಮಾನು ಬೆಳಗಿ ನಿನ್ನ ಮಗಳೊಬ್ಬಳ್ನ ಹಂಗೇ ಬಿಡಾಕಾಗ್ತೈತಾ? ಇನ್ನ ಆರಾಮಾಗಿ ಒರಗಿ ಕುಂತ್ಕಬೋದು."

ಚಾಚಾ ಹನ್ನೆರಡು ದಿನ ಹೊಗೆ ಕುಡಿದು ಹತ್ತಿಸಿದ ಬಣ್ಣ. ಅದಕ್ಕೆ ಅಳು ಬರಬೇಕಿತ್ತು. ಆದರೆ ನನ್ನ ಕಣ್ಣು ಬೇರೆಲ್ಲೋ ಇತ್ತು. ಅವಳು ಸಂದಿಯನ್ನು ತಿಕ್ಕಿದಲ್ಲಿ ಒಳಗಿನಿಂದ ಕೆಂಪು ನೀರು ಜಿನುಗಿ, ಹೊಳೆಯುವ ತಾಮ್ರದ ಮೇಲೆ ಇಳಿದು, ಕಟ್ಟೆಯ ಬಿಳಿ ಸಿಮೆಂಟಿನ ಮೇಲೆ ಮಡುಗಟ್ಟುತ್ತಿತ್ತು. ಅವ್ವನೂ ಅದನ್ನು ನೋಡಿದಳು. ಬೆರಳಲ್ಲಿ ಮುಟ್ಟಿ ಉಜ್ಜಿದಳು.

"ಇದೇನೇ ಇದು? ತಾಮ್ರಕ್ಕೆ ಹಸಿರು ಕಿಲುಬು ಬರ್ತೈತೆ. ಕೆಂಪು ತುಕ್ಕು ಯಾಕೆ? ತುಕ್ಕು ಕಬ್ಬಿಣದ್ದಲ್ವಾ?"

ಕಾಲೇಜು ಮೆಟ್ಟಿಲು ಹತ್ತದ ಅವ್ವ ಎರಡು ಮಾತಿನಲ್ಲಿ ನನ್ನನ್ನು ಹಿಡಿದಿದ್ದಳು. ಹಸ್ತದ ಮಳೆಯ ಮೋಡ ಕಟ್ಟಿ ಆಗಲೇ ಗಾಳಿ ಎದ್ದಿತ್ತು, ಮೇಲೆ ಹೂಂ ಎನ್ನುತ್ತ ಇತ್ತು.  "ಅವ್ವ, ಮೊದ್ಲು ಅಲ್ಲಿಂದ ಏಳು" ಅಂದೆ. ಏಳದೆ ನನ್ನನ್ನೇ ನೋಡಿದಳು. ಅವಳನ್ನು ಕೈ ಹಿಡಿದು ಎಳೆದು ದೂರಕ್ಕೆ ತಂದು, ನಿಂತಲ್ಲೇ ಎಲ್ಲ ಹೇಳಿದೆ. ಮೂರು ಮಿಲಿಮೀಟರ್, ರಬ್ಬರ್, ಕರೆಂಟು, ಅಣ್ಣನಿಗೆ ಹೇಳಿದ ಸುಳ್ಳು, ಚಾಚಾ ಹೇಳಿದ ಕೊಡದ ಮಾತು.

"ಯಾವತ್ತಿಂದ ಗೊತ್ತಿತ್ತು ನಿಂಗೆ?"

"ನಿಲ್ಲಿಸೋಕೆ ಮುಂಚೆಯಿಂದ."

"ನಾನು ಅಲ್ಲಿ ಬೆನ್ನು ಕೊಟ್ಟು ಕುಂತಾಗ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

"ನಂದಿರ್ಲಿ, ಸಾಯೋ ವಯಸ್ಸು. ಆ ಹುಡುಗೇರು ಕುಂತಾಗ?"

ಅವಳು ಹೊಡೆದಿದ್ದರೆ ಹಗುರಾಗುತ್ತಿತ್ತು. ಹೊಡೆಯಲಿಲ್ಲ. ಅಡಿಗೆಮನೆಗೆ ಹೋಗಿ ಬೆಂಚು ಎಳೆದು ತಂದು ಕಟ್ಟೆಗೆ ಅಡ್ಡ ಹಾಕತೊಡಗಿದಳು. ನಾನೂ ಕೈಹಾಕಿದೆ. ಅಷ್ಟರಲ್ಲಿ ಹೆಡ್ ಮೇಡಂ ಬಂದರು, ಅವರ ಹಿಂದೆ ಹಬ್ಬದ ಬಟ್ಟೆಯ ಹುಡುಗಿಯರ ದಂಡು.

"ಏನ್ರಿ ಓಬಮ್ಮ, ಬೆಂಚು ಯಾಕೆ?" ಎಂದು ಅವ್ವನನ್ನು ಕೇಳಿದರು.

"ಇವತ್ತು ಕಟ್ಟೆ ಹತ್ರ ಯಾರೂ ಬರಂಗಿಲ್ಲ ಮೇಡಂ."

"ಯಾಕೆ, ಏನಾಗಿದೆ?"

ಅವ್ವ ನನ್ನ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು. "ನನ್ನ ಮಗಳು ಮಾಡಿದ್ದು. ಅವಳೇ ಹೇಳ್ತಾಳೆ, ಕೇಳ್ರಿ" ಎಂದಳು. ಇಷ್ಟು ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಮಾತೇ ಅದು. ಅರವತ್ತು ಎಪ್ಪತ್ತು ಹುಡುಗಿಯರ ಎದುರಿಗೆ ನಾನು ಇನ್ನೊಮ್ಮೆ ಎಲ್ಲ ಹೇಳಿದೆ. ಎಲ್ಲೂ ನಿಲ್ಲಿಸಲಿಲ್ಲ.

ಅಣ್ಣನಿಗೂ ಫೋನು ಮಾಡಿ ಎಲ್ಲ ಹೇಳಿದೆ. "ಪೂಜೆ ಮಾಡಿಟ್ಟಿರೋ ಸಾಮಾನು ತಾಯಿ, ನಾಳೆ ತಂಕ ಮುಟ್ಟಂಗಿಲ್ಲ" ಎಂದರು. ಗಾಳಿಯ ಸದ್ದು ಫೋನಿನೊಳಗೂ ಹೋಗಿರಬೇಕು. "ಗಾಳಿ ಐತಾ ಅಲ್ಲಿ? ... ಬರ್ತೀನಿ ಇರು" ಎಂದು ಇಟ್ಟರು.

ಸಂಜೆ ಬೆಳಕಿರುವಾಗಲೇ ವ್ಯಾನಿನಲ್ಲಿ ಮೂರು ಜನರೊಂದಿಗೆ ಬಂದರು. ಚೈನ್ ಪುಲ್ಲಿಗೆ ಹೂವಿನ ಹಾರ ಹಾಗೇ ಇತ್ತು, ಸ್ಪ್ಯಾನರುಗಳಿಗೆ ವಿಭೂತಿ ಕುಂಕುಮ. ಚಾಚಾರನ್ನೂ ಕರೆತಂದಿದ್ದರು. ಮೂರು ಕಾಲಿನ ಗಳ ಕಟ್ಟಿ, ಪುಲ್ಲಿ ಇಳಿಬಿಟ್ಟು, ಗಾಳಿಯಕ್ಕನ ನಡುವಿಗೆ ಸರಪಳಿ ಸುತ್ತಿ ಮೆಲ್ಲಗೆ ನೆಲಕ್ಕೆ ಮಲಗಿಸಿದರು.  ಕೆಳಗಿನ ತಗಡು ಬಿಚ್ಚಿದಾಗ ಕಂಡದ್ದು ಇದು: ಪೇಂಟು ಹಪ್ಪಳದಂತೆ ಎದ್ದು ಬಂದಿತ್ತು, ಬುಡದ ಎರಡು ಬಿಲ್ಲೆಗಳ ಅಂಚು ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು, ನಾಲ್ಕು ಬೋಲ್ಟುಗಳು ಶೇಂಗಾ ಗಿಡದ ಬೇರಿನಷ್ಟು ತೆಳ್ಳಗಾಗಿದ್ದವು. ತಾಮ್ರಕ್ಕೆ ಒಂದು ಗೀರೂ ಇರಲಿಲ್ಲ.

ಚಾಚಾ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಈ ಆಷಾಢ ದಾಟಿಸೈತೆ. ಮುಂದಿನ ಆಷಾಢ ಹೇಳಾಕಾಗಲ್ಲ" ಎಂದರು. 

ತಿಪ್ಪೇಸ್ವಾಮಣ್ಣ ಸೊಂಟದ ಟೇಪು ತೆಗೆದು ಬಿಲ್ಲೆಗೆ ಹಿಡಿದರು. ಮೇಲಿನ ಒಂದು, ಕೆಳಗಿನ ಒಂದು, ಮತ್ತೆ ಮೇಲಿನದು. ಎರಡೆರಡು ಸಲ. ಬೈಗುಳಕ್ಕೆ ಮೈ ಹಿಡಿ ಮಾಡಿಕೊಂಡು ನಿಂತಿದ್ದೆ. ಅವರು ಟೇಪನ್ನು ಸರ್ರೆಂದು ಒಳಕ್ಕೆ ಬಿಟ್ಟರು. "ನನ್ನ ಸೊಂಟದಾಗೇ ಇತ್ತಲ್ಲವ್ವ ಇದು" ಎಂದರು. ಟೇಪನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳಿದ್ದು ಬಾ. ಹದಿನೆಂಟೂ ಹೊಸದಾಗಿ ಕತ್ತರಿಸಾಣ. ನೀನು ಗೆರೆ ಎಳಿ, ನಾನು ಅಳೀತೀನಿ." ನಾನು ಅಲ್ಲೇ ಕೂತು ಅತ್ತೆ.

ಮೂರು ವಾರ ಹಿಡಿಯಿತು. ಈ ಸಲ ಪ್ರತಿ ಬಿಲ್ಲೆಗೂ ರಬ್ಬರ್, ಬುಡದಲ್ಲಿ ನೀರು ಇಳಿದುಹೋಗಲು ತೂತು. ಮೇಷ್ಟ್ರು ಹೊಸದುರ್ಗದಿಂದ ಬಂದು ಎಲ್ಲ ಕೇಳಿ, ಕೆಂಪು ಇಂಕಿನ ಪೆನ್ನನ್ನು ನನ್ನ ಕೈಗೇ ಕೊಟ್ಟುಹೋದರು. ಅವ್ವ ತಿಕ್ಕಿದ ಜಾಗಕ್ಕೆ ಚಾಚಾ ಮತ್ತೆ ಕಿಲುಬು ಹತ್ತಿಸಿದರು, ಆದರೆ ಮೊದಲಿನ ಹಸಿರು ಬರಲೇ ಇಲ್ಲ. ಹುಣಸೆಹಣ್ಣು ಕುಡಿದ ತಾಮ್ರ, ಅದು ತನ್ನಿಷ್ಟದ ಬಣ್ಣಕ್ಕೇ ಬರ್ತೈತೆ ಎಂದರು. ಇವತ್ತಿಗೂ ಕೂತವಳ ಕೈ ಎಟಕುವಷ್ಟು ಎತ್ತರಕ್ಕೆ ಆ ಬಣ್ಣ ಬೇರೆ.

ಆ ಮೂರು ವಾರ ಊರಿಗೆ ಬಂದಾಗಲೆಲ್ಲ ಅವ್ವ ನನಗೆ ಬುತ್ತಿ ಕಟ್ಟಿಕೊಟ್ಟಳು, ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿದಳು, ಬೇಕಾದಷ್ಟೇ ಮಾತಾಡಿದಳು. ನಮ್ಮ ಮಂಜಿ ಮಾಡಿದ್ದು ಎಂಬ ಮಾತನ್ನು ಯಾರೆದುರೂ ಆಡಲಿಲ್ಲ. ಅದು ನನಗೆ ಆಷಾಢದ ಗಾಳಿಗಿಂತ ಹೆಚ್ಚು ಭಯ ಹುಟ್ಟಿಸಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಅದನ್ನು ಮತ್ತೆ ನಿಲ್ಲಿಸಿದೆವು. ಅಣ್ಣ ಬೋಲ್ಟುಗಳನ್ನೆಲ್ಲ ಬಿಗಿದು, ಟೇಪು ಹಿಡಿದು, ಕೊನೆಗೆ ಬೆನ್ನು ಹಚ್ಚಿ ನೂಕಿಯೂ ನೋಡಿದರು. ಬೆಂಚುಗಳನ್ನು ತೆಗೆದರು. ಹುಡುಗಿಯರು ದೂರದಲ್ಲೇ ಗುಂಪುಗೂಡಿ ನಿಂತಿದ್ದರು, ಒಬ್ಬಳೂ ಹತ್ತಿರ ಬರಲಿಲ್ಲ. ಅವ್ವ ಅಡಿಗೆಮನೆಯಿಂದ ಮೊರದ ತುಂಬ ಅಕ್ಕಿ ಹಿಡಿದು ಬಂದಳು. ಕಟ್ಟೆಯಿಂದ ನಾಲ್ಕು ಮಾರು ಈಚೆಗೇ ನಿಂತಳು.

"ಕುಂತ್ಕಳ್ಳಾ?" ಎಂದು ನನ್ನನ್ನು ಕೇಳಿದಳು.

ನಾನು ಹುಟ್ಟಿದಾಗಿನಿಂದ ಅವಳು ನನ್ನ ಅಪ್ಪಣೆ ಕೇಳಿದ್ದು ಅದೊಂದೇ ಸಲ. ಕುಂತ್ಕ ಎಂದು ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ಬಾಯಿಮಾತು ಎಷ್ಟು ಹೇಳಿದ್ದೆ ನಾನು. ಹೋಗಿ ಕಟ್ಟೆ ಹತ್ತಿ, ಆ ಕಾಲಿಗೆ ಬೆನ್ನು ಕೊಟ್ಟು ಕೂತೆ. ಬಿಸಿಲಿಗೆ ತಾಮ್ರ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಗಾಳಿ ಬೀಸಿತು, ತಲೆಯ ಮೇಲೆ ಹೂಂ ಎಂದು ಶುರುವಾಯಿತು, ಅದರ ನಡುಕ ನನ್ನ ಬೆನ್ನುಮೂಳೆಗೆ ಇಳಿಯಿತು. ಎದ್ದು ಓಡಬೇಕೆನಿಸಿತು. ಒಳಗೇನಿದೆ ಎಂದು ಒಂದೊಂದು ಬೋಲ್ಟೂ ಗೊತ್ತಿದ್ದವಳಿಗೆ, ಅಣ್ಣ ಎರಡು ಸಲ ಅಳೆದದ್ದನ್ನು ಕಣ್ಣಾರೆ ಕಂಡವಳಿಗೆ, ಓಡಬೇಕೆನಿಸಿತು. ಏನೂ ಗೊತ್ತಿಲ್ಲದೆ ನಂಬಿ ಕೂತವರ ಬೆನ್ನು ಎಂಥದೆಂದು ನನಗೆ ಆಗ ತಿಳಿಯಿತು. ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದೆ.

ಅವ್ವ ಬಂದು ನನ್ನ ಮಗ್ಗುಲಿಗೆ ಕೂತು, ಬೆನ್ನು ಒರಗಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಹಿಡಿ ಅಕ್ಕಿ ಹರವಿ ಬಗ್ಗಿ ನೋಡಿದಳು.

"ಸ್ವಲ್ಪ ಆಕಡೆ ಸರಕಳೇ" ಎಂದಳು. "ನಿನ್ನ ನೆರಳಿಗೆ ಕಲ್ಲು ಕಾಣಲ್ಲ."